ಕೆರೆಯ ಎರಡು ದಡಗಳು

ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದ ಪ್ರಯಾಣಿಕನು ಆಯನೂರನ್ನು ದಾಟಿ ಕುಂಸಿಯನ್ನು ಸಮೀಪಿಸುವಾಗ, ಬಯಲು ಹಿಂದೆ ಸರಿದು ಕಾಡು ಮುಂದೆ ಬರುವುದನ್ನು ಕಿಟಕಿಯಿಂದಲೇ ಕಾಣಬಹುದು. ಈ ಅರೆಮಲೆನಾಡಿನಲ್ಲಿ ಮಳೆಯು ನಾಲ್ಕು ತಿಂಗಳು ಧಾರಾಳವಾಗಿ ಸುರಿದು ಉಳಿದ ಎಂಟು ತಿಂಗಳು ಬಹುಮಟ್ಟಿಗೆ ಕೈಕಟ್ಟಿ ಕುಳಿತುಬಿಡುತ್ತದೆ. ಆ ಎಂಟು ತಿಂಗಳಿಗೆ ಕೆರೆಯೇ ಗತಿ. ಮುಂಗಾರಿನ ಮೊದಲ ರಭಸಕ್ಕೆ ಜೋಳದ ಹೊಲಗಳಿಂದಲೂ ಶುಂಠಿಯ ಮಡಿಗಳಿಂದಲೂ ಕೆಂಪು ನೀರು ಹಳ್ಳ ಹಿಡಿದು ಕೆರೆಗೆ ಇಳಿಯುತ್ತದೆ. ಹಾಗೆ ಇಳಿಯುವ ಮೊದಲು ಅದು ಯಾವುದರ ನಡುವೆ ಹಾದುಬಂದಿತು ಎಂಬುದರ ಮೇಲೆ, ಬೇಸಿಗೆಯಲ್ಲಿ ದನಕರುಗಳು ಕುಡಿಯುವ ನೀರಿನ ಯೋಗ್ಯತೆ ನಿಂತಿದೆ.

ಕೆರೆಗಳನ್ನು ಕಟ್ಟಿದ ಹಿರಿಯರು ಈ ವಿಷಯದಲ್ಲಿ ತಿಳಿವಳಿಕೆಯುಳ್ಳವರಾಗಿದ್ದರು. ಕೆರೆಗೆ ದಡಗಳು ಎರಡು. ಒಂದು ಏರಿ, ನೀರಿನ ಆಳವೂ ಅಲೆಯ ಹೊಡೆತವೂ ಅಲ್ಲಿಯೇ ಹೆಚ್ಚು. ಆದುದರಿಂದ ಏರಿಯ ಒಳಮೈಗೆ ಕಲ್ಲು ಜೋಡಿಸಿದರು. ಇನ್ನೊಂದು, ನೀರು ಬಂದು ಸೇರುವ ಕಡೆಯ ಇಳಿಜಾರು. ಅಲ್ಲಿ ನೀರು ಮಳೆಗಾಲದಲ್ಲಿ ಮೇಲಕ್ಕೇರಿ ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಕಲ್ಲಿನ ಅಗತ್ಯವಿಲ್ಲ, ಹಾಕಲೂ ಇಲ್ಲ. ಜಂಬು, ತುಂಗೆಹುಲ್ಲು, ಬಜೆ, ಲಾವಂಚಗಳು ಆ ತೇವದಲ್ಲಿ ತಾವಾಗಿಯೇ ನೆಲೆಸಿದವು. ಅವುಗಳ ಮೇಲ್ಗಡೆ ಲಕ್ಕಿ, ಹೊಂಗೆ, ನೇರಳೆ, ಹೊಳೆಮತ್ತಿ.

ಈ ಹಸಿರು ಸೆರಗು ಮಾಡುವ ಕೆಲಸ ಸಣ್ಣದಲ್ಲ. ಓಡಿಬರುವ ನೀರು ಹುಲ್ಲಿನ ಬುಡಗಳಿಗೆ ತಗಲಿ ನಿಧಾನಿಸುತ್ತದೆ. ನಿಧಾನಿಸಿದೊಡನೆ ಹೊತ್ತುತಂದ ಮಣ್ಣನ್ನು ಇಳಿಸುತ್ತದೆ. ಗೊಬ್ಬರದ ರಂಜಕವು ಬಹುಮಟ್ಟಿಗೆ ಮಣ್ಣಿನ ಕಣಗಳಿಗೆ ಅಂಟಿಕೊಂಡೇ ಪ್ರಯಾಣಮಾಡುವುದರಿಂದ, ಮಣ್ಣು ನಿಂತಲ್ಲಿ ಅದರ ಹೆಚ್ಚಿನ ಪಾಲೂ ನಿಲ್ಲುತ್ತದೆ. ಸಾರಜನಕದ ಒಂದು ಪಾಲನ್ನು ಜೌಗಿನ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅನಿಲವಾಗಿಸಿ ಗಾಳಿಗೇ ಹಿಂದಿರುಗಿಸುತ್ತವೆ.

ಹಿಡಿಯಷ್ಟು ರಂಜಕಕ್ಕೆ ಇಷ್ಟು ಚಿಂತೆಯೇಕೆ ಎನ್ನುವವರಿಗೆ ಕೆನಡಾ ದೇಶದ ಒಂದು ಪ್ರಯೋಗವನ್ನು ಹೇಳಬೇಕು. ಅಲ್ಲಿನ ಆಂಟೇರಿಯೋ ಪ್ರಾಂತದಲ್ಲಿ 226 ಎಂಬ ಅಂಕೆಯೇ ಹೆಸರಾದ ಸರೋವರವೊಂದಿದೆ. ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯೂ ಸಂಗಡಿಗರೂ 1973ರಲ್ಲಿ ಅದರ ನಡುವೆ ಪರದೆಯೊಂದನ್ನು ಇಳಿಬಿಟ್ಟು ನೀರನ್ನು ಇಬ್ಭಾಗ ಮಾಡಿದರು. ಎರಡು ಕಡೆಗೂ ಇಂಗಾಲ, ಸಾರಜನಕಗಳನ್ನು ಬೆರೆಸಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಪಾಚಿಗಟ್ಟಿ ಹಸಿರಾಯಿತು. ಪರದೆಯ ಆಚೆಯ ನೀರು ಮೊದಲಿನಂತೆಯೇ ಉಳಿಯಿತು. ಆಕಾಶದಿಂದ ತೆಗೆದ ಆ ಚಿತ್ರ ಲೋಕಪ್ರಸಿದ್ಧವಾಯಿತು.

ಇಂದಿನ ಕೆರೆ ಅಭಿವೃದ್ಧಿಯ ಎಡವಟ್ಟು ಇಲ್ಲಿಯೇ ಇದೆ. ಯಂತ್ರವು ಕೆರೆಗೆ ಇಳಿದರೆ ಸುತ್ತಲೂ ಕಡಿದಾಗಿ ಕೊರೆದು, ಬಟ್ಟಲಿನ ಆಕಾರ ಕೊಟ್ಟು, ಎಲ್ಲ ದಡಗಳನ್ನೂ ಏರಿಯೆಂದೇ ಭಾವಿಸಿ ಕಲ್ಲು ಹಾಸಿ, ಮೇಲೊಂದು ನಡೆಹಾದಿ ನಿರ್ಮಿಸಿದಾಗಲೇ ಕೆಲಸ ಪೂರೈಸಿತೆಂಬ ತೃಪ್ತಿ. 2022ರ ಏಪ್ರಿಲ್‌ನಲ್ಲಿ ಆರಂಭವಾದ ಅಮೃತ ಸರೋವರ ಯೋಜನೆಯು ಜಿಲ್ಲೆಗೆ 75 ಕೆರೆಗಳಂತೆ, ತಲಾ ಕನಿಷ್ಠ 1 ಎಕರೆ ವಿಸ್ತಾರ ಮತ್ತು ಸುಮಾರು 10 ಸಾವಿರ ಘನಮೀಟರು ನೀರಿನ ಗುರಿಯನ್ನು ಇಟ್ಟುಕೊಂಡಿತು. ಉದ್ದೇಶ ಒಳ್ಳೆಯದೇ. ಆದರೆ ಘನಮೀಟರು ಎಣಿಸುವ ಲೆಕ್ಕದಲ್ಲಿ ಹುಲ್ಲಿನ ಅಂಚು ಸುಲಭವಾಗಿ ಕಾಣುವುದಿಲ್ಲ. ಎಣಿಕೆಗೆ ಸಿಕ್ಕದುದು ಗುದ್ದಲಿಗೆ ಮೊದಲು ಸಿಕ್ಕುತ್ತದೆ. ಅಂಚನ್ನು ಕಳೆದುಕೊಂಡ ಕೆರೆಯಲ್ಲಿ ಮೀನು ಮೊಟ್ಟೆಯಿಡುವ ತೆಳುನೀರು ಇಲ್ಲ. ಬೇಸಿಗೆ ಬಂದಂತೆ ಪಾಚಿ ಹಬ್ಬಿ, ರಾತ್ರಿಯೆಲ್ಲ ಆಮ್ಲಜನಕವನ್ನು ಹೀರಿ, ಬೆಳಗಿನ ಜಾವದಲ್ಲಿ ಮೀನುಗಳು ಬಾಯ್ದೆರೆದು ತೇಲುತ್ತವೆ. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ಕಾರುವ ವಿಷದಿಂದ ದನಕರುಗಳೇ ಸತ್ತ ಉದಾಹರಣೆಗಳು ಹಲವು ದೇಶಗಳಲ್ಲಿವೆ.

ಕಲ್ಲಿನ ಪಕ್ಷದವರ ವಾದವನ್ನೂ ತಳ್ಳಿಹಾಕಲಾಗದು. ಸುತ್ತ ಗೋಡೆಯಿದ್ದರೆ ಒತ್ತುವರಿಗೆ ಆಸ್ಪದವಿಲ್ಲ; ಹುಲ್ಲಿನ ಗಡಿಯಾದರೆ ನೀರು ಹಿಂದೆ ಸರಿದಂತೆ ನೇಗಿಲು ಮುಂದೆ ಸರಿಯುತ್ತದೆ. ಇದು ಬರಿಯ ಹಳ್ಳಿಯ ಜಗಳವೂ ಅಲ್ಲ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರು ನೆಲವನ್ನು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ವಿಧಿಸಿತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ಆದರೆ ಗಡಿಯನ್ನು ಗುರುತಿಸಲು ಗೋಡೆಯೇ ಏಕೆ? ತುಂಬುನೀರಿನ ಮಟ್ಟವನ್ನು ಮೋಜಣಿ ಮಾಡಿಸಿ, ಕಲ್ಲು ನೆಟ್ಟು, ಅಗಳು ತೋಡಿ, ಹೊಂಗೆ ನೇರಳೆಗಳ ಸಾಲು ಹಿಡಿಸಿದರೆ ಗಡಿಯೂ ಉಳಿದೀತು, ಅಂಚೂ ಉಳಿದೀತು. ಹಾವಿನ ಭಯವೆನ್ನುವವರೂ ಉಂಟು. ಹಾವು ಇರುತ್ತದೆ, ಮಲೆನಾಡಿನ ಸೆರಗಿನಲ್ಲಿ ಹಾವಿಲ್ಲದ ಬೇಲಿ ಎಲ್ಲಿದೆ? ಸೊಳ್ಳೆಯ ಮರಿಗಳನ್ನಾದರೋ ಅಂಚಿನ ಮೀನುಗಳೂ ಏರೋಪ್ಲೇನ್ ಚಿಟ್ಟೆಯ ಮರಿಗಳೂ ತಿನ್ನುತ್ತವೆ.

ಕೆಟ್ಟ ಅಂಚನ್ನು ಮರಳಿ ಪಡೆಯುವುದು ಅಸಾಧ್ಯವೇನಲ್ಲ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಕೊಳಚೆ ಶುದ್ಧೀಕರಣ ಘಟಕದಿಂದ ಬಂದ ನೀರನ್ನು, ಜಂಬು ಮೊದಲಾದ ಗಿಡಗಳ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡನ್ನು ಮಾಡಲಾಯಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನಿಯಮಗಳಂತೆ ಸರೋವರದ ಅಂಚಿನಲ್ಲಿ 35 ಅಡಿ ಅಗಲದ ಸಸ್ಯಪಟ್ಟಿಯನ್ನು ಉಳಿಸಿಕೊಳ್ಳಬೇಕು. ಕುಂಸಿ ಸೀಮೆಯ ಹಳ್ಳಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಏರಿಯ ಕಲ್ಲನ್ನು ಮುಟ್ಟದೆ, ನೀರು ಬರುವ ಕಡೆಯ ಕಲ್ಲನ್ನು ಮಾತ್ರ ತೆಗೆದು, ಒಂದು ಅಡಿ ಇಳಿಯಲು ಐದಾರು ಅಡಿ ಹಿಡಿಯುವಂತೆ ನೆಲವನ್ನು ಇಳಿಜಾರು ಮಾಡಬೇಕು. ಹಳ್ಳದ ಬಾಯಲ್ಲಿ ಹೂಳು ನಿಲ್ಲಲು ಸಣ್ಣ ಗುಂಡಿ. ದನ ಇಳಿಯಲು, ಬಟ್ಟೆ ಒಗೆಯಲು ಒಂದೇ ಒಂದು ಕಡೆ ಸೋಪಾನ. ಜಂಬನ್ನು ಯಾರೂ ನೆಡಬೇಕಾಗಿಲ್ಲ, ಅದು ತಾನೇ ಬರುತ್ತದೆ. ಬಂದ ಮೇಲೆ ಇಡೀ ಕೆರೆಯನ್ನೇ ನುಂಗದಂತೆ ವರ್ಷಕ್ಕೊಮ್ಮೆ ಕೊಯ್ಯಬೇಕು. ಕೊಯ್ಯದೆ ಬಿಟ್ಟರೆ ಗಿಡ ಕೊಳೆತು, ಹೀರಿದ ರಂಜಕವನ್ನೆಲ್ಲ ನೀರಿಗೇ ಹಿಂದಿರುಗಿಸುತ್ತದೆ. ಕೊಯ್ದುದು ತಿಪ್ಪೆಗೆ ಸೇರಿದರೆ ಹೊಲದ ಸಾರ ಹೊಲಕ್ಕೇ ಮರಳಿದಂತಾಯಿತು.

ಕಲ್ಲು ಕೀಳುವ ಕೆಲಸಕ್ಕೆ ಕೆರೆಯಂಗಳ ಒಣಗಿರುವ ಏಪ್ರಿಲ್, ಮೇ ತಿಂಗಳುಗಳೇ ತಕ್ಕವು. ಲಾವಂಚದ ಬುಡ ನೆಡಲು ಜೂನ್‌ನ ಮೊದಲ ಹದಮಳೆ ಬೀಳುವವರೆಗೆ ಕಾಯಬೇಕು.