ಮನೆಯ ಮೇಲಣ ಸೌರಫಲಕ ಲಾಭದಾಯಕವೇ?

ಬೆಳಗಾವಿ ಜಿಲ್ಲೆಯ ಯರಗಟ್ಟಿಯಂತಹ ಬಯಲುನಾಡಿನ ಊರಿನಲ್ಲಿ ಬಿಸಿಲಿಗೆ ಬರವಿಲ್ಲ. ಅದನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಾಧನಕ್ಕೂ ಈಗ ಬರವಿಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯು ಪ್ರದರ್ಶಿಸಿದ ಸಿಲಿಕಾನ್ ಸೌರಕೋಶವು ತನ್ನ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಶೇಕಡ 6ರಷ್ಟನ್ನು ಮಾತ್ರ ವಿದ್ಯುತ್ತಾಗಿ ಪರಿವರ್ತಿಸುತ್ತಿದ್ದಿತು; ಇಂದು ಅಂಗಡಿಯಲ್ಲಿ ದೊರೆಯುವ ಉತ್ತಮ ಫಲಕಗಳು ಶೇಕಡ 20ನ್ನು ಮೀರಿವೆ. ಹಾಗಾದರೆ ಪ್ರತಿಯೊಂದು ಮನೆಯವರೂ ಫಲಕವನ್ನು ಹಾಕಿಸಬೇಕಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಬೇಕಾಗಿಲ್ಲವೆಂದೇ ನನ್ನ ಅಭಿಪ್ರಾಯ.

ತಿಂಗಳಿಗೆ 250 ಯೂನಿಟ್ ಬಳಸುವ ಮನೆಯ ಲೆಕ್ಕವನ್ನು ಮೊದಲು ನೋಡೋಣ. ನಮ್ಮ ಬಿಸಿಲಿನಲ್ಲಿ 1 ಕಿಲೋವಾಟ್ ಸಾಮರ್ಥ್ಯದ ಫಲಕಗಳು ದಿನಕ್ಕೆ ಸರಾಸರಿ 4 ಯೂನಿಟ್ಟುಗಳನ್ನು ಕೊಡುವುವು. 2 ಕಿಲೋವಾಟಿನ ಸಲಕರಣೆಗೆ 1,30,000 ರೂಪಾಯಿ ತಗಲಿತೆನ್ನೋಣ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಂತೆ 60,000 ರೂಪಾಯಿಗಳ ಸಹಾಯಧನ ದೊರೆತರೆ, ಕೈಯಿಂದ ಹಾಕಬೇಕಾದುದು 70,000. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ ಸುಮಾರು 17,000 ರೂಪಾಯಿ ಉಳಿಯುವುದರಿಂದ, ಐದು ವರ್ಷಗಳೊಳಗಾಗಿ ಅಸಲು ಮರಳುವುದು. ಫಲಕದ ಆಯುಷ್ಯವೋ 25 ವರ್ಷ. ನಡುವೆ ಒಮ್ಮೆ ಇನ್ವರ್ಟರನ್ನು ಬದಲಿಸಬೇಕಾದೀತು, ಅಷ್ಟೆ. ಇಂತಹ ಬಡ್ಡಿಯನ್ನು ಯಾವ ಬ್ಯಾಂಕೂ ಕೊಡದು.

ಆದರೆ ಈ ಲೆಕ್ಕವು ಬಿಲ್ಲು ಕಟ್ಟುವವರಿಗೆ ಮಾತ್ರ ಸಲ್ಲುವುದು. 2023ರ ಜುಲೈಯಲ್ಲಿ ಜಾರಿಗೆ ಬಂದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ, 200 ಯೂನಿಟ್ಟುಗಳ ಮಿತಿಗೊಳಪಟ್ಟು, ಹಿಂದಿನ ಸರಾಸರಿಗಿಂತ ತುಸು ಹೆಚ್ಚಿನವರೆಗೆ ಬಳಸಿದ ವಿದ್ಯುತ್ತು ಉಚಿತ. ನಾಲ್ಕು ದೀಪ, ಎರಡು ಫ್ಯಾನು, ಒಂದು ಟಿ.ವಿ. ಇರುವ ಮನೆಯು ಈ ಮಿತಿಯ ಹತ್ತಿರವೂ ಸುಳಿಯದು. ಅದರ ಬಿಲ್ಲು ಸೊನ್ನೆ, ಸೊನ್ನೆಯಲ್ಲಿ ಉಳಿಸುವುದೇನನ್ನು? ಸಾಲಮಾಡಿ ಫಲಕ ಹಾಕಿಸಿದರೆ ಅಂತಹ ಕುಟುಂಬಕ್ಕೆ ಕಂತೊಂದೇ ಲಾಭ! ಮಿಕ್ಕ ವಿದ್ಯುತ್ತನ್ನು ಕಂಪನಿಗೆ ಮಾರಬಹುದಾದರೂ ಅದಕ್ಕೆ ದೊರೆಯುವ ದರ ಕಡಿಮೆ.

ಕರೆಂಟು ಹೋದಾಗಲಾದರೂ ಮನೆಯು ಬೆಳಗೀತೆಂದು ಹಲವರು ನಂಬಿರುವರು. ಬ್ಯಾಟರಿಯಿಲ್ಲದೆ ಊರಿನ ತಂತಿಗೆ ಜೋಡಿಸಿದ ಸಾಮಾನ್ಯ ಸಲಕರಣೆಯು ಕರೆಂಟು ಹೋದೊಡನೆ, ನಡುಹಗಲಿನಲ್ಲಿಯೂ, ತಾನೇ ನಿಂತುಬಿಡುವುದು. ಕಂಬವನ್ನೇರಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ಮನೆಯ ಕಡೆಯಿಂದ ವಿದ್ಯುತ್ತು ಹರಿದು ಅಪಾಯವಾಗಬಾರದೆಂದು ಅದನ್ನು ಹಾಗೆ ರಚಿಸಿದ್ದಾರೆ. ಬ್ಯಾಟರಿಯನ್ನು ಕೂಡಿಸಿದರೆ ಮೇಲಿನ ಲೆಕ್ಕವೆಲ್ಲ ಬದಲಾಗುವುದು. ಬಿಸಿಲೇರಿದಷ್ಟೂ ವಿದ್ಯುತ್ತು ಹೆಚ್ಚುವುದೆಂಬ ಮಾತೂ ಪೂರ್ಣ ನಿಜವಲ್ಲ. ಸಿಲಿಕಾನಿನ ಉಷ್ಣತೆಯು 25 ಡಿಗ್ರಿಯನ್ನು ಮೀರಿದ ಮೇಲೆ ಪ್ರತಿ ಡಿಗ್ರಿಗೂ ಉತ್ಪತ್ತಿಯು ಶೇಕಡ 0.3ರಿಂದ 0.4ರಷ್ಟು ತಗ್ಗುವುದು, ಏಪ್ರಿಲ್ಲಿನ ಮಧ್ಯಾಹ್ನ 60 ಡಿಗ್ರಿಗೆ ಕಾದ ಫಲಕವು ಹತ್ತರಲ್ಲೊಂದು ಪಾಲನ್ನು ಕಳೆದುಕೊಳ್ಳುವುದು. ಇದರ ಮೇಲೆ ರಸ್ತೆಯ ಧೂಳು ಬೇರೆ. ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆಗಳಲ್ಲಿ ಫಲಕದ ಚೌಕಟ್ಟನ್ನು ಗಾಳಿಗೆ ಅಲುಗದಂತೆ ನಿಲ್ಲಿಸುವುದೇ ಕಷ್ಟ.

ಆದುದರಿಂದ ಕಾಂಕ್ರೀಟಿನ ತಾರಸಿಯಿದ್ದು ತಿಂಗಳು ತಿಂಗಳೂ ಬಿಲ್ಲು ಕಟ್ಟುತ್ತಿರುವವರು ಕಾಯಬೇಕಾದ ಕಾರಣವನ್ನು ಕಾಣೆ. ಉಳಿದವರು ಅವಸರಪಡದಿರುವುದು ಲೇಸು. ಉಚಿತ ವಿದ್ಯುತ್ತಿನ ವೆಚ್ಚವನ್ನು ರಾಜ್ಯದ ಬೊಕ್ಕಸವೇ ಹೊರುತ್ತಿರುವುದರಿಂದ ಆ ನಿಯಮವು ಮುಂದೆ ಬದಲಾಗಲೂಬಹುದು. ಆಗ ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಮನೆಯಲ್ಲಿ ಕಾಲೇಜು ಓದುವ ಮಗನೋ ಮಗಳೋ ಈ ಗಣಿತವನ್ನು ಮತ್ತೊಮ್ಮೆ ಮಾಡಿ ತಂದೆತಾಯಿಗಳಿಗೆ ತೋರಿಸಲಿ.