ಫ್ಲೇವಿಯಾ ಅಧಿಕಪ್ರಸಂಗಿಯೇ?



ವಾಚನಾಲಯದ ಪೀರಿಯಡ್ಡಿನಲ್ಲಿ ನಮ್ಮ ಇಂಗ್ಲಿಷ್ ಮೇಡಂ ಒಂದು ಪತ್ತೇದಾರಿ ಕಾದಂಬರಿಯನ್ನು ಓದಿ, ಕನ್ನಡದಲ್ಲಿ ಕಥೆ ಹೇಳಿದರು. ಹೆಸರು ‘ದಿ ಸ್ವೀಟ್‌ನೆಸ್ ಅಟ್ ದಿ ಬಾಟಮ್ ಆಫ್ ದಿ ಪೈ’. ಬರೆದವರು ಕೆನಡಾ ದೇಶದ ಅಲನ್ ಬ್ರಾಡ್ಲಿ. 2009ರಲ್ಲಿ ಇದು ಅಚ್ಚಾದಾಗ ಅವರಿಗೆ 70 ವರ್ಷ, ಇದೇ ಅವರ ಮೊದಲ ಕಾದಂಬರಿ! ಕಥೆ ಮುಗಿದರೂ ನಮ್ಮ ತರಗತಿಯಲ್ಲಿ ಅದರ ಚರ್ಚೆ ಮುಗಿದಿಲ್ಲ. ಅದಕ್ಕೇ ಈ ಬರಹ.

ಕಥೆ ಕೇಳದ ಬೇರೆ ತರಗತಿಯವರಿಗಾಗಿ ಸ್ವಲ್ಪ ಹೇಳುತ್ತೇನೆ. 1950ರ ಇಂಗ್ಲೆಂಡಿನ ಒಂದು ಹಳ್ಳಿ. ದೊಡ್ಡ ಹಳೇ ಬಂಗಲೆಯಲ್ಲಿ 11 ವರ್ಷದ ಫ್ಲೇವಿಯಾ, ಇಬ್ಬರು ಅಕ್ಕಂದಿರು, ಅಂಚೆಚೀಟಿ ಸಂಗ್ರಹಿಸುವ ಅಪ್ಪ. ಅಮ್ಮ ಇಲ್ಲ. ಒಂದು ದಿನ ಅಡುಗೆಮನೆ ಬಾಗಿಲಲ್ಲಿ ಸತ್ತ ಹಕ್ಕಿಯೊಂದು ಬಿದ್ದಿರುತ್ತದೆ. ಅದರ ಕೊಕ್ಕಿಗೆ ಒಂದು ಅಂಚೆಚೀಟಿ ಚುಚ್ಚಿರುತ್ತದೆ! ಅದು ‘ಪೆನ್ನಿ ಬ್ಲ್ಯಾಕ್’, ಅಂದರೆ 1840ರಲ್ಲಿ ಬ್ರಿಟನ್ನಿನಲ್ಲಿ ಬಂದ ಪ್ರಪಂಚದ ಮೊದಲ ಅಂಟಿಸುವ ಅಂಚೆಚೀಟಿ. ಅದಾದ ಮೇಲೆ ಒಂದು ನಸುಕಿನಲ್ಲಿ ಸೌತೆಕಾಯಿ ಪಾತಿಯೊಳಗೆ ಅಪರಿಚಿತನೊಬ್ಬ ಅವಳ ಕಣ್ಣೆದುರೇ ಪ್ರಾಣ ಬಿಡುತ್ತಾನೆ. ಪೊಲೀಸರು ಅಪ್ಪನನ್ನೇ ಹಿಡಿದುಕೊಂಡು ಹೋಗುತ್ತಾರೆ. ಹುಡುಗಿ ಸೈಕಲ್ ಹತ್ತಿ ತನಿಖೆಗೆ ಹೊರಡುತ್ತಾಳೆ. ಕೊಲೆಗಾರ ಯಾರು ಅಂತ ನಾನು ಹೇಳಲ್ಲ.

ನಮ್ಮ ತರಗತಿಯಲ್ಲಿ ಮೂರು ಪಕ್ಷಗಳಾಗಿವೆ. “11 ವರ್ಷದ ಹುಡುಗಿ ಹಿಂಗೆಲ್ಲಾ ಮಾತಾಡ್ತಾಳಾ? ಅವಳು ಫ್ರಾಕು ಹಾಕ್ಕೊಂಡ ತಾತ” ಅಂತ ಒಂದು ಪಕ್ಷ. “ಕಥೆ ಅಂದ್ಮೇಲೆ ಇರ್ತದೆ, ಮಜಾ ಬಂತಲ್ಲ ಸಾಕು” ಅಂತ ಎರಡನೆಯದು. “ಅವಳಿಗೆ ಜಂಬ, ಶುದ್ಧ ಅಧಿಕಪ್ರಸಂಗಿ” ಅಂತ ಮೂರನೆಯದು.

ಮೊದಲ ಪಕ್ಷದ ಮಾತಿನಲ್ಲಿ ಸತ್ಯವಿದೆ. ಅವಳ ಕೆಲವು ಮಾತು ಲೇಖಕರದ್ದೇ. ಆದರೆ ಅವಳ ಬುದ್ಧಿ ಆಕಾಶದಿಂದ ಉದುರಿದ್ದಲ್ಲ. ತೀರಿಹೋದ ತಾಯಿಯ ಪುಸ್ತಕಗಳಲ್ಲಿ ಅವಳಿಗೆ ಒಂದು ರಸಾಯನಶಾಸ್ತ್ರದ ಪುಸ್ತಕ ಸಿಕ್ಕಿತು. ಹಿಂದಿನ ತಲೆಮಾರಿನವರೊಬ್ಬರ ಪ್ರಯೋಗಶಾಲೆ ಮನೆಯಲ್ಲೇ ಇತ್ತು. ಓದಿದಳು, ಮಾಡಿ ನೋಡಿದಳು, ಕಲಿತಳು.

ಅವಳು ಸುಳಿವು ಹಿಡಿಯುವ ರೀತಿ ನೋಡಿ. ಅಡುಗೆಯಾಕೆ ಮಾಡುವ ಕಸ್ಟರ್ಡ್ ಪೈ ಎಂಬ ತಿಂಡಿ ಮನೆಯಲ್ಲಿ ಯಾರಿಗೂ ಸೇರುವುದಿಲ್ಲ. ಆದರೂ ಒಂದು ತುಂಡು ಖಾಲಿಯಾಗಿದೆ. ಹಾಗಾದರೆ ಹೊರಗಿನವರು ಯಾರೋ ಮನೆಯೊಳಗೆ ಬಂದಿದ್ದರು. ಸತ್ತ ಹಕ್ಕಿ ಬೇಸಿಗೆಯಲ್ಲಿ ಇಂಗ್ಲೆಂಡ್ ಬಿಟ್ಟು ಉತ್ತರಕ್ಕೆ ಹೋಗುವ ಜಾತಿಯದು. ಹಾಗಾದರೆ ಯಾರೋ ಅದನ್ನು ಸಮುದ್ರದಾಚೆಯಿಂದ ತಂದಿದ್ದಾರೆ. ಇಷ್ಟೇ! ಯಾವ ಹಕ್ಕಿ ಯಾವ ಕಾಲಕ್ಕೆ ಕೆರೆಗೆ ಬರುತ್ತೆ ಅಂತ ನಮ್ಮೂರಲ್ಲಿ ದನ ಕಾಯೋ ಹುಡುಗರಿಗೂ ಗೊತ್ತು. ಇದಕ್ಕೆ ತಾತನ ತಲೆ ಬೇಕಿಲ್ಲ. ಕಣ್ಣು ಬಿಟ್ಟು ನೋಡಬೇಕು, ‘ಯಾಕೆ’ ಅಂತ ಕೇಳಬೇಕು.

ಅವಳಲ್ಲಿ ತಪ್ಪೂ ಇವೆ. ಅಕ್ಕನ ಲಿಪ್‌ಸ್ಟಿಕ್‌ಗೆ ತುರಿಕೆ ಬರಿಸುವ ವಿಷಸೊಪ್ಪಿನ ರಸ ಸೇರಿಸುತ್ತಾಳೆ. ಪೊಲೀಸರಿಗಿಂತ ಮೊದಲೇ ಸತ್ತವನ ಕೋಣೆಗೆ ನುಗ್ಗಿ, ಸಿಕ್ಕಿದ್ದನ್ನು ಬಚ್ಚಿಡುತ್ತಾಳೆ. ಒಬ್ಬಳೇ ಹೋಗಿ ಪ್ರಾಣಕ್ಕೇ ಕುತ್ತು ತಂದುಕೊಳ್ಳುತ್ತಾಳೆ. ಇವನ್ನು ಯಾರೂ ಮೆಚ್ಚಬಾರದು. ಇದಕ್ಕಾಗಿ ಅವಳನ್ನು ಬೈದರೆ ನನ್ನ ತಕರಾರಿಲ್ಲ.

ನನ್ನ ತಕರಾರು ಇರುವುದು ‘ಅಧಿಕಪ್ರಸಂಗಿ’ ಅನ್ನೋ ಮಾತಿಗೆ. ಹೆಣ ಮೊದಲು ಕಂಡವಳು ಅವಳು. ಸಾಯುವವನ ಕೊನೆಯ ಮಾತು ಕೇಳಿದವಳೂ ಅವಳೇ. ಆದರೆ ಇನ್ಸ್‌ಪೆಕ್ಟರ್ ಬಂದವರೇ ಅವಳಿಗೆ ಹೇಳಿದ್ದೇನು? ಟೀ ವ್ಯವಸ್ಥೆ ನೋಡು ಅಂತ! ಕೊನೆಗೆ ಅದೇ ಇನ್ಸ್‌ಪೆಕ್ಟರ್ ಕೂತು ಅವಳ ಮಾತು ಕೇಳಬೇಕಾಯಿತು.

ನಮ್ಮಲ್ಲೂ ಹೀಗೇ ಅಲ್ವಾ? ಪಾಠದ ಮಧ್ಯೆ ಒಬ್ಬರು ಎದ್ದು ‘ಯಾಕೆ’ ಅಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಮನೆಯಲ್ಲಿ ಕೇಳಿದರೆ “ದೊಡ್ಡವರ ಮಧ್ಯೆ ಬಾಯಿ ಹಾಕಬೇಡ”. ಹೆಣ್ಣುಮಕ್ಕಳಿಗಂತೂ ಅಧಿಕಪ್ರಸಂಗಿ ಎಂಬ ಬಿರುದು ಬೇಗ ಸಿಗುತ್ತದೆ. ಎರಡು ಸಲ ಆ ಬಿರುದು ಪಡೆದವಳು ಮೂರನೇ ಸಲ ಕೈ ಎತ್ತುವುದಿಲ್ಲ. ಅರ್ಥವಾಗದಿದ್ದರೂ ತಲೆ ಆಡಿಸುತ್ತಾಳೆ. ಪರೀಕ್ಷೆಯಲ್ಲಿ ಗೊತ್ತಾಗುತ್ತದೆ ಅವಳ ಪಾಡು.

ಜಂಬಕ್ಕೆ ಕೇಳುವವರೂ ಇರುತ್ತಾರೆ, ಇಲ್ಲ ಅನ್ನಲ್ಲ. ಆದರೆ ತಿಳಿಯಲಿಕ್ಕೆ ಕೇಳಿದ್ದೋ, ಮೆರೆಯಲಿಕ್ಕೆ ಕೇಳಿದ್ದೋ ಅನ್ನುವುದು ಉತ್ತರ ಹೇಳಿದ ಮೇಲೆ ತಾನೇ ತಿಳಿಯುತ್ತದೆ. ಮೊದಲೇ ಬಾಯಿ ಮುಚ್ಚಿಸಿದರೆ ಎರಡೂ ಗೊತ್ತಾಗಲ್ಲ.

ಗುರುಗಳಲ್ಲಿ ಒಂದು ವಿನಂತಿ. ನಮ್ಮ ವಿಜ್ಞಾನದ ಬೀರುವಿನಲ್ಲಿರುವ ಬೀಕರು, ಪ್ರನಾಳಗಳನ್ನು ನಾವು ಗಾಜಿನ ಆಚೆಯಿಂದ ನೋಡಿದ್ದೇ ಹೆಚ್ಚು. ವಾರಕ್ಕೊಮ್ಮೆ ನಿಮ್ಮ ಎದುರಿನಲ್ಲೇ ನಮ್ಮ ಕೈಗೆ ಕೊಡಿ. ಒಡೆಯದಂತೆ ಜೋಪಾನ ಮಾಡುತ್ತೇವೆ. ಗೆಳೆಯ ಗೆಳತಿಯರಲ್ಲೂ ಒಂದು ವಿನಂತಿ. ಯಾರಾದರೂ ಪ್ರಶ್ನೆ ಕೇಳಿದಾಗ ನಗಬೇಡಿ. ಅದೇ ಪ್ರಶ್ನೆ ನಿಮ್ಮ ಹೊಟ್ಟೆಯೊಳಗೂ ಇರಬಹುದು.

ಫ್ಲೇವಿಯಾ ಬಗ್ಗೆ ನೀವೇನಂತೀರಿ? ಕೆಳಗೆ ಜಾಗ ಬಿಟ್ಟಿದ್ದೇನೆ, ಚೀಟಿ ಬರೆದು ಅಂಟಿಸಿ. ಬೈದು ಬರೆದರೂ ಸರಿ, ಕಾರಣ ಬರೆಯಿರಿ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ