ತಲೆನೋವಿನ ಉಪೇಕ್ಷೆ

ತಲೆನೋವನ್ನು ನಮ್ಮ ಜನರು ರೋಗವೆಂದೇ ಎಣಿಸುವುದಿಲ್ಲ. ಭದ್ರಾವತಿಯ ಕಾರ್ಮಿಕನು ಬಿಸಿಲನ್ನು ದೂರುತ್ತಾನೆ. ಶಿವಮೊಗ್ಗೆಯ ಗುಮಾಸ್ತನು ಕನ್ನಡಕವನ್ನು. ಬಹುಮಟ್ಟಿಗೆ ಅವರ ಊಹೆ ಸರಿಯೇ. ಆದರೆ ಬೆಳಗಿನ ಹೊತ್ತು ಹೆಚ್ಚಾಗುವ ನೋವು, ಅದರೊಡನೆ ವಾಂತಿ, ಮಸುಕಾಗುವ ದೃಷ್ಟಿ, ದೊಡ್ಡವರಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಅಪಸ್ಮಾರ, ಇವು ಮಿದುಳಿನ ಗೆಡ್ಡೆಯ ಸೂಚನೆಗಳಾಗಿರಬಹುದು.

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣವು ತಲೆಬುರುಡೆಯನ್ನು ತೋರಿತೇ ಹೊರತು ಮಿದುಳನ್ನು ತೋರಲಿಲ್ಲ. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ರೋಗಿಯೊಬ್ಬಳ ಗೆಡ್ಡೆಯನ್ನು ತಲೆ ತೆರೆಯದೆಯೇ ಬಯಲುಮಾಡಿತು. ಎಂ.ಆರ್.ಐ. ಅದರ ಎಲ್ಲೆಯನ್ನು ಇನ್ನೂ ಸ್ಪಷ್ಟವಾಗಿ ಗುರುತಿಸುತ್ತದೆ. ಆ ಚಿತ್ರವನ್ನೇ ನಕ್ಷೆಯಾಗಿಟ್ಟುಕೊಂಡು ಶಸ್ತ್ರವೈದ್ಯನು ಸೂಕ್ಷ್ಮದರ್ಶಕದ ನೆರವಿನಿಂದ ಗೆಡ್ಡೆಯನ್ನು ಬಿಡಿಸುತ್ತಾನೆ. ಅದು ಮಾತಿನ ಕೇಂದ್ರದ ಬಳಿಯಿದ್ದರೆ ರೋಗಿಯನ್ನು ಎಚ್ಚರವಾಗಿರಿಸಿ, ಮಾತನಾಡಿಸುತ್ತಲೇ ಶಸ್ತ್ರಕ್ರಿಯೆ ನಡೆಸುವುದುಂಟು.

ಬೆಂಗಳೂರಿನಲ್ಲಿ 1974ರಿಂದ ನಿಮ್ಹಾನ್ಸ್ ಸಂಸ್ಥೆಯಿದೆ. ಆದರೆ ಅಲ್ಲಿಗೆ ತಲುಪುವ ಮೊದಲೇ ದೃಷ್ಟಿ ಕಳೆದುಕೊಂಡವನಿಗೆ ಅದರ ಕೀರ್ತಿಯಿಂದ ಫಲವೇನು? ಕಾಲಹರಣವಾಗುವುದು ಶಸ್ತ್ರವೈದ್ಯನ ಮೇಜಿನ ಮೇಲಲ್ಲ, ಮೊದಲ ಪರೀಕ್ಷೆಯಲ್ಲಿ. ತಲೆಯೊಳಗಿನ ಒತ್ತಡದಿಂದ ಕಣ್ಣಿನ ನರ ಊದಿಕೊಂಡುದನ್ನು ಕೈಯಲ್ಲಿ ಹಿಡಿವ ನೇತ್ರದರ್ಶಕದಿಂದ ತಾಲ್ಲೂಕು ವೈದ್ಯರೇ ಕಾಣಬಲ್ಲರು. ಊತವಿಲ್ಲದ ಮಾತ್ರಕ್ಕೆ ಗೆಡ್ಡೆಯಿಲ್ಲವೆಂದೂ ಅಲ್ಲ. ಆದುದರಿಂದ ಭದ್ರಾವತಿಯಲ್ಲಿ ಸಂಶಯ ಹುಟ್ಟಿದ ರೋಗಿಗೆ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಯಲ್ಲಿ ಸರದಿಯ ತಡೆಯಿಲ್ಲದೆ ಚಿತ್ರಣ ದೊರೆಯಬೇಕು; ಬೆಂಗಳೂರಿಗೆ ಹೋಗಬೇಕಾದವನು ಚಿತ್ರ, ಪತ್ರ ಹಾಗೂ ಗೊತ್ತಾದ ದಿನದೊಡನೆ ಹೋಗಬೇಕು. ಈ ಏರ್ಪಾಡಿಗೆ ಹಣಕ್ಕಿಂತ ಶ್ರದ್ಧೆಯೇ ಹೆಚ್ಚು ಅಗತ್ಯ. ಜಿಲ್ಲೆಯ ಅಧಿಕಾರಿಗಳು ಇದರತ್ತ ಕೂಡಲೇ ಗಮನವೀಯುವರೆಂದು ನಂಬುತ್ತೇವೆ.